ಭುಜ ಹದಿನಾರೂಕಾಲು

ಜನವರಿ 9

ಚೂಟಿಗೆ,

ಏಳು ತಿಂಗಳಿಗೆ ಒಂದು ಕಾಗದ, ಅದರಲ್ಲಿ ಮೂರು ಸಾಲು. ಅಂಚೆಯವನು ಕೊಟ್ಟು ಹೋದಮೇಲೆ ಹಾಳೆಯ ಹಿಂದುಗಡೆಯನ್ನೂ ನೋಡಿದೆ, ಉಳಿದದ್ದು ಅಲ್ಲಿದೆಯೇನೋ ಎಂದು. ಇರಲಿಲ್ಲ. ನಾಲ್ಕು ದಿನದಿಂದ ಅದನ್ನೇ ಓದುತ್ತಿರುವುದರಿಂದ ಈಗ ಅದು ಸಾಕಷ್ಟು ದೊಡ್ಡ ಕಾಗದವೇ ಆಗಿದೆ.

ಹಡಗುಕಟ್ಟೆಯವರು ವೆಲ್ಡಿಂಗಿಗೆ ಕೊಡುವ ಚರ್ಮದ ಕೋಟು ಗಂಡಸರ ಅಳತೆಯದು, ತೋಳು ಬೆರಳು ಮುಚ್ಚುತ್ತದೆ, ಕಾಲರಿನ ಒಳಗೆ ಕಿಡಿ ಇಳಿಯುತ್ತದೆ, ನನಗೊಂದು ಹೊಲಿದು ಕೊಡುತ್ತೀಯಾ ಅಪ್ಪ ಎಂದು ಬರೆದಿದ್ದೀಯೆ. ಟು ಬಿಗಿನ್ ವಿತ್, ನಾನು ಚರ್ಮ ಹೊಲಿದವನಲ್ಲ. ಸೂಟು, ಪ್ಯಾಂಟು, ಶಾಲೆಯ ಯೂನಿಫಾರ್ಮು ಹೊಲಿದವನು. ಎರಡನೆಯದಾಗಿ... ಎರಡನೆಯದು ಏನೆಂದು ಮರೆತೆ. ಕಾಲೇಜಿನಲ್ಲಿ ಎರಡು ವರ್ಷ ಇಂಗ್ಲಿಷ್ ಓದಿದ್ದರ ಫಲ ಇದು. ಮೊದಲನೆಯದನ್ನು ಹೇಗೆ ಶುರು ಮಾಡಬೇಕೆಂದು ಕಲಿಸಿದರು. ಎರಡನೆಯದಕ್ಕೆ ಬರುವ ಹೊತ್ತಿಗೆ ನಿಮ್ಮ ತಾತ ತೀರಿಕೊಂಡು ನಾನು ಅಂಗಡಿಯ ಕತ್ತರಿ ಹಿಡಿದಿದ್ದೆ.

ಫೋನು ಮಾಡಬಹುದಿತ್ತಲ್ಲ ಎನ್ನಬೇಡ. ನನ್ನ ಬಲಗಿವಿ ಪೂರ್ತಿ ರಜೆ ತೆಗೆದುಕೊಂಡಿದೆ, ಎಡಗಿವಿ ಅರ್ಧ ದಿನ ಕೆಲಸ ಮಾಡುತ್ತದೆ. ನಿನ್ನ ಹಿಂದೆ ಬೇರೆ ಆ ಯಂತ್ರಗಳ ಗದ್ದಲ. ಕಾಗದವೇ ವಾಸಿ. ಕಾಗದದಲ್ಲಿ ನಾನು ಕಿವುಡನಲ್ಲ.

ನೀನು ಹೊರಟ ದಿನ ಬಸ್ ನಿಲ್ದಾಣಕ್ಕೆ ನಾನು ಬರಲಿಲ್ಲವೆಂದು ನಿನಗೆ ಕೋಪವಿರಬೇಕು. ಅವತ್ತು ಒಂದು ಸೂಟು ತುರ್ತಾಗಿ ಕೊಡಬೇಕಾಗಿತ್ತು. ಅದರ ಹಿಂದಿನ ದಿನ ನಾನು ಆಡಿದ ಮಾತು, 'ಸೂಜಿ ಹಿಡಿದರೆ ನಿನ್ನ ಕೈ ಸವೆದುಹೋಗುತ್ತಾ, ಕಬ್ಬಿಣ ಸುಡೋಕೆ ಹೋಗ್ತೀಯಾ' ಅಂದದ್ದು, ಅದು ಬಾಯಿಂದ ಬಂದದ್ದು. ಅದನ್ನು ಮತ್ತೆ ಒಳಗೆ ಹಾಕಿಕೊಳ್ಳುವ ಹಾಗಿಲ್ಲ.

ಕೋಟಿನ ಅಳತೆ ಕಳಿಸು. ಆಸ್ ಎ ಮ್ಯಾಟರ್ ಆಫ್ ಫ್ಯಾಕ್ಟ್, ಕಳಿಸದಿದ್ದರೂ ನಡೆಯುತ್ತದೆ. ನಿನ್ನ ಅಳತೆ ನನ್ನ ಪುಸ್ತಕದಲ್ಲಿದೆ, ಭುಜ ಹದಿನೈದೂವರೆ. ನನ್ನ ಕಣ್ಣಳತೆ ನಿನಗೆ ಗೊತ್ತಲ್ಲ. ರಸ್ತೆಯ ಆಚೆ ನಡೆದು ಹೋಗುವವನ ಎದೆಯ ಸುತ್ತಳತೆಯನ್ನು ಕಾಲಿಂಚಿನ ವ್ಯತ್ಯಾಸವಿಲ್ಲದೆ ಹೇಳಿ ಎಷ್ಟು ಸಲ ಚಹಾ ಗೆದ್ದಿದ್ದೇನೆ. ಆದರೂ ಕಳಿಸು, ರೂಢಿಗೆ.

ಅಲ್ಲಿ ನಿನಗೆ ಏನು ಕೆಲಸ ಕೊಟ್ಟಿದ್ದಾರೆ, ಅದನ್ನೂ ಬರಿ. ಮೂರು ಸಾಲಿಗಿಂತ ಹೆಚ್ಚಾದರೆ ನನ್ನ ಅಭ್ಯಂತರವಿಲ್ಲ.

ಕನ್ನಡಕ ಒರೆಸಿಕೊಂಡು ಇಲ್ಲಿಗೆ ನಿಲ್ಲಿಸಿದ,
ಅಪ್ಪ

*

ಜನವರಿ 21

ಅಪ್ಪ,

ಅಳತೆ ಕೆಳಗಿದೆ. ಮೇಲಿನಕ್ಕ ಅಳೆದು ಕೊಟ್ಟಳು. ಅವಳು ಇಲ್ಲಿನ ದೊಡ್ಡ ಕ್ರೇನು ಓಡಿಸುತ್ತಾಳೆ. ಬೆಳಿಗ್ಗೆ ಏಣಿ ಹತ್ತಿದರೆ ಸಂಜೆ ಇಳಿಯುವವಳು, ಅದಕ್ಕೆ ಎಲ್ಲರೂ ಮೇಲಿನಕ್ಕ ಅನ್ನುತ್ತಾರೆ. ನಮ್ಮ ವಿಭಾಗದ ನೂರಾ ನಲವತ್ತು ಜನರಲ್ಲಿ ಹೆಂಗಸರು ನಾವಿಬ್ಬರೇ. ಹೆಂಗಸರ ಶೌಚಾಲಯ ಇರುವುದು ಆಫೀಸಿನ ಕಟ್ಟಡದಲ್ಲಿ, ಹೋಗಿ ಬರಲು ಇಪ್ಪತ್ತೆರಡು ನಿಮಿಷ. ಹದಿನೈದು ನಿಮಿಷಕ್ಕಿಂತ ತಡವಾದರೆ ಮೇಸ್ತ್ರಿ ಬರೆದುಕೊಳ್ಳುತ್ತಾನೆ. ಅದಕ್ಕೆ ನಾವು ಮಧ್ಯಾಹ್ನದವರೆಗೆ ನೀರು ಕುಡಿಯುವುದಿಲ್ಲ.

ನನಗೆ ಕೊಟ್ಟಿರುವ ಕೆಲಸ, ಬೇರೆಯವರು ಹಾಕಿದ ಬೆಸುಗೆಯನ್ನು ಉಜ್ಜಿ ನುಣುಪು ಮಾಡುವುದು. ತರಬೇತಿ ಶಾಲೆಯಲ್ಲಿ ನಾನು ಮೊದಲನೆಯವಳು ಎಂದರೆ ಮೇಸ್ತ್ರಿ, 'ಶಾಲೇಲಿ ನಾನೂ ಮೊದಲನೆಯವನೇ ಕಣಮ್ಮ, ಗೇಟಿಂದ ಆಚೆ ಓಡೋದ್ರಲ್ಲಿ' ಅಂದ. ಎಲ್ಲರೂ ನಕ್ಕರು. ಚೆನ್ನಾಗಿಯೇ ಇತ್ತು, ನಾನೂ ನಕ್ಕೆ.

ಏಪ್ರಿಲ್ 28ಕ್ಕೆ ಪೈಪಿನ ಪರೀಕ್ಷೆ ಇದೆ. ಓರೆಯಾಗಿ ಬಿಗಿದ ಪೈಪನ್ನು ಸುತ್ತಲೂ ಬೆಸೆಯಬೇಕು. ಪೈಪು ತಿರುಗುವುದಿಲ್ಲ, ನಾವೇ ಅದರ ಕೆಳಗೆ ಮಲಗಿ, ಪಕ್ಕದಲ್ಲಿ ಕೂತು, ಮೇಲೆ ನಿಂತು ಸುತ್ತಬೇಕು. ಪಾಸಾದರೆ ವೆಲ್ಡರ್. ಇಲ್ಲದಿದ್ದರೆ ವರ್ಷದ ಕೊನೆಗೆ ನನ್ನ ಒಪ್ಪಂದ ಮುಗಿಯುತ್ತದೆ, ಮನೆಗೆ. ಅವಕಾಶ ಒಂದೇ.

ಅಭ್ಯಾಸಕ್ಕೆ ಪೈಪು ಕೊಡುವುದಿಲ್ಲ. ಆದರೆ ಮೇಲಿನಕ್ಕ ಗುಜರಿಗೆ ಹೋಗುವ ತುಂಡುಗಳನ್ನು ಊಟದ ಹೊತ್ತಿಗೆ ಸರಿಯಾಗಿ ನನ್ನ ಪಕ್ಕದಲ್ಲೇ ಇಳಿಸುತ್ತಾಳೆ. ಕೇಳಿದರೆ 'ಗಾಳಿಗೆ ವಾಲಿತು' ಅನ್ನುತ್ತಾಳೆ. ಊಟ ಬಿಟ್ಟು ಅವನ್ನು ಬೆಸೆಯುತ್ತೇನೆ. ಕೆಳಗಿನಿಂದ ಪಕ್ಕಕ್ಕೆ ಏರುವ ಒಂದು ಜಾಗದಲ್ಲಿ ಪ್ರತಿ ಸಲವೂ ಕೈ ಎಗರುತ್ತದೆ, ಬೆಸುಗೆಯಲ್ಲಿ ಮೆಟ್ಟಿಲು ಬೀಳುತ್ತದೆ. ಯಾಕೆಂದು ತಿಳಿಯುತ್ತಿಲ್ಲ.

ತೋಳು ಇಪ್ಪತ್ತೆರಡು. ಎದೆ ಮೂವತ್ತೈದು. ಭುಜ ಹದಿನಾರೂಕಾಲು. ಕತ್ತು ಹದಿಮೂರೂವರೆ.

ಮೂರು ಸಾಲಿಗಿಂತ ಹೆಚ್ಚಾಗಿದೆ.

ಚೂಟಿ

*

ಫೆಬ್ರವರಿ 12

ಚೂಟಿ,

ಕೋಟು ಈ ಕಾಗದದ ಜೊತೆಗೇ ಬರುತ್ತದೆ. ಬಂದ ಕೂಡಲೇ ಮಡಿಕೆ ಬಿಡಿಸಿ ನೇತುಹಾಕು.

ಚರ್ಮವನ್ನು ಚೀಲ ಹೊಲಿಯುವವನ ಹತ್ತಿರ ತಂದೆ. ದಾರದ ಬಗ್ಗೆ ನಮ್ಮ ಬೀದಿಯ ಗೇಟು ಮಾಡುವವನನ್ನು ಕೇಳಿದೆ. 'ನೈಲಾನ್ ಹಾಕಿದ್ರೆ ಒಂದೇ ಕಿಡಿಗೆ ಕರಗಿ ಹೋಗತ್ತೆ ಸ್ವಾಮಿ, ಹತ್ತಿ ದಾರಕ್ಕೆ ಮೇಣ ತಿಕ್ಕಿ ಹೊಲೀರಿ' ಅಂದ. ಹಾಗೆಯೇ ಮಾಡಿದೆ. ಮಿಷನ್ನು ಮೊದಲ ದಿನ ಚರ್ಮವನ್ನು ನೋಡಿ ಹಿಂದೆ ಸರಿಯಿತು, ಎರಡು ಸೂಜಿ ಮುರಿಯಿತು, ಆಮೇಲೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದೆವು.

ಕಾಲರಿನ ವಿಷಯಕ್ಕೆ ಬರುತ್ತೇನೆ. ಬಹಳ ಹಿಂದೆ ಮೋಟಾರ್ ಬೈಕಿನಲ್ಲಿ ಊರೂರು ತಿರುಗುವ ಅಂಚೆಯವನೊಬ್ಬನಿಗೆ ಗಾಳಿ ನುಗ್ಗದ ಕೋಟು ಮಾಡಿಕೊಟ್ಟಿದ್ದೆವು. ಎರಡು ಪದರದ ಕಾಲರು, ಒಳಗೆ ಒಂದು ನಾಲಿಗೆ, ಮುಂದೆ ಒಂದರ ಮೇಲೊಂದು ಕೂರುತ್ತದೆ. ಅದರ ಕಾಗದದ ನಮೂನೆ ಇನ್ನೂ ತಗಡಿನ ಡಬ್ಬಿಯಲ್ಲಿತ್ತು. ಗಾಳಿ ಹೋಗದ ಕಡೆ ಕಿಡಿಯೂ ಹೋಗದು, ದೇರ್‌ಫೋರ್ ಅದನ್ನೇ ಹಾಕಿದ್ದೇನೆ.

ಹೊಲಿಯುವಾಗ ನಿಮ್ಮಮ್ಮನ ನೆನಪು ಬಂತು. ನಾಲ್ಕು ವರ್ಷವಾದರೂ ಅಂಗಡಿಯಲ್ಲಿ ಅವಳ ಮಣೆ ಅಲ್ಲೇ ಇದೆ, ಯಾರೂ ಕೂರುವುದಿಲ್ಲ, ನಾನೂ ಸರಿಸಿಲ್ಲ. ಈ ಕಾಲರಿನ ತಿರುವು ಬಂದರೆ ಅವಳು ಮೊದಲು ದಾರವಿಲ್ಲದ ಬರಿ ಸೂಜಿ ಹಿಡಿದು ಆ ತಿರುವಿನ ಮೇಲೆ ಮೂರು ಸಲ ಕೈ ಆಡಿಸುತ್ತಿದ್ದಳು. ನಾನು ಒಮ್ಮೆ, 'ಏನೇ ಅದು, ಗಾಳಿಗೆ ಹೊಲಿಗೆ ಹಾಕ್ತಿದ್ದೀಯಾ' ಅಂದೆ. 'ನನ್ನ ಮೊಣಕೈ ಎಲ್ಲಿ ತಾಗತ್ತೆ ಅಂತ ನೋಡ್ಕೋತಿದ್ದೀನಿ. ತಾಗೋ ಕಡೆ ಕೈ ಎಗರತ್ತೆ. ಮೊದಲೇ ಗೊತ್ತಾದ್ರೆ ಕೂರೋ ರೀತಿ ಬದಲಾಯಿಸ್ಕೋಬಹುದು' ಅಂದಳು. ಸುಮ್ಮನೆ ನೆನಪಾಯಿತು, ಬರೆದೆ. ಮುದುಕರ ಕಾಗದದಲ್ಲಿ ಅರ್ಧ ಇಂಥದ್ದೇ.

ಒಂದು ಮಾತು. ನಿನ್ನ ಮೇಲಿನಕ್ಕನಿಗೆ ಇಪ್ಪತ್ತು ಟನ್ನು ಎತ್ತಲು ಬರಬಹುದು, ಟೇಪು ಹಿಡಿಯಲು ಬರುವುದಿಲ್ಲ. ಭುಜ ಹದಿನಾರೂಕಾಲು ಎಂದು ಬರೆಸಿದ್ದಾಳೆ. ದಪ್ಪ ಅಂಗಿಯ ಮೇಲೆ ಅಳೆದಿರಬೇಕು. ನಾನು ಪುಸ್ತಕದಲ್ಲಿರುವ ಹದಿನೈದೂವರೆಗೇ ಕತ್ತರಿಸಿದ್ದೇನೆ. ನಿನ್ನನ್ನು ಅಂಗೈ ಅಗಲದ ಲಂಗದಿಂದ ಹಿಡಿದು ನಾನು ಅಳೆದವನು. ಕೋಟು ಹಾಕಿಕೊಂಡು ನೋಡು, ಆಮೇಲೆ ಅವಳಿಗೆ ನನ್ನ ಪರವಾಗಿ ಸ್ವಲ್ಪ ನಗು.

ಹೇಗಿದೆ ಎಂದು ಬರಿ. ಕೂಡಲೇ ಬರಿ.

ಬೆರಳಿಗೆ ಮೇಣ ಮೆತ್ತಿಕೊಂಡ,
ಅಪ್ಪ

*

ಮಾರ್ಚ್ 9

ಚೂಟಿ,

ಇಪ್ಪತ್ತೈದು ದಿನವಾಯಿತು. ಪಾರ್ಸೆಲ್ಲು ಸೇರಿದೆಯೆಂದು ಅಂಚೆ ಕಚೇರಿಯವರು ರಶೀದಿ ತೋರಿಸಿದರು, ಸಹಿ ನಿನ್ನದೇ.

ಕೋಟು ಹಿಡಿಸಲಿಲ್ಲವೇ? ಕಂದು ಬಣ್ಣ ಬೇಡವಾಗಿತ್ತೇ? ಹಾಗಿದ್ದರೆ ಬರಿ, ಗಿರಾಕಿಗಳಿಂದ ಬೈಸಿಕೊಂಡು ನನಗೆ ಚೆನ್ನಾಗಿ ಅಭ್ಯಾಸವಿದೆ. ಬೈದವರು ಮತ್ತೆ ಬರುತ್ತಾರೆ. ಏನೂ ಹೇಳದೆ ಹೋದವರೇ ಮತ್ತೆ ಬರುವುದಿಲ್ಲ.

ಅಪ್ಪ

*

ಮಾರ್ಚ್ 17

ಚೂಟಿಯ ಅಪ್ಪನವರಿಗೆ,

ನಾನು ಕ್ರೇನಿನವಳು. ನಿಮ್ಮ ಮಗಳ ಪೆಟ್ಟಿಗೆಯ ಮೇಲೆ ನಿಮ್ಮ ಕಾಗದ ಬಿದ್ದಿತ್ತು, ಓದಿದೆ. ತಪ್ಪೆಂದರೆ ತಪ್ಪು. ಅವಳು ನಿಮಗೆ ಬರೆಯುವುದಿಲ್ಲ ಅಂದಳು, ಅದಕ್ಕೆ ನಾನು ಬರೆಯುತ್ತಿದ್ದೇನೆ. ನನ್ನ ಅಕ್ಷರ ಕೊಕ್ಕೆ ಕೊಕ್ಕೆ, ದಿನವಿಡೀ ಹಿಡಿಯುವುದೂ ಅದನ್ನೇ.

ಮೊದಲು ಇದನ್ನು ಓದಿಕೊಳ್ಳಿ: ಅವಳು ಚೆನ್ನಾಗಿದ್ದಾಳೆ. ಈಗ ಮುಂದೆ ಓದಿ.

ನಿಮ್ಮ ಕೋಟು ಹಾಕಿಕೊಂಡ ಐದನೇ ದಿನ ಪೈಪಿನ ಕೆಳಗೆ ಮಲಗಿ ಎರಡೂ ಕೈ ಮೇಲೆತ್ತಿ ಬೆಸೆಯುತ್ತಿದ್ದಳು. ಭುಜದ ಹಿಂದಿನ ಹೊಲಿಗೆ ಬಿಟ್ಟಿತು. ದಾರ ಸುಡಲಿಲ್ಲ, ಬಿಗಿಯಾಗಿ ಚರ್ಮವೇ ಹರಿಯಿತು. ಆ ಸಂದಿಯಲ್ಲಿ ಕಿಡಿ ಒಳಗೆ ಹೋಯಿತು. ಎರಡು ಬೆರಳಗಲ ಸುಟ್ಟಿದೆ. ಮೇಲಿನಿಂದ ನಾನು ಎಲ್ಲ ನೋಡುತ್ತಿದ್ದೆ, ಹೊಗೆ ಬರುತ್ತಿದ್ದರೂ ಅವಳು ಕೈ ತೆಗೆಯಲಿಲ್ಲ. ಆ ಸುತ್ತು ಮುಗಿಸಿಯೇ ಎದ್ದಳು. ಇದನ್ನು ಓದಿ ನೀವು ಹೆಮ್ಮೆ ಪಡಬೇಡಿ, ನಾನು ಅವಳಿಗೆ ಚೆನ್ನಾಗಿ ಬೈದಿದ್ದೇನೆ.

ನಾನು ಕಳಿಸಿದ್ದು ಹದಿನಾರೂಕಾಲು. ಒಳ ಅಂಗಿಯ ಮೇಲೆ, ಮೂರು ಸಲ ಅಳೆದು. ಎಂಟು ತಿಂಗಳು ನಾಲ್ಕು ಕೆ.ಜಿ. ಯಂತ್ರ ಹಿಡಿದು ಕಬ್ಬಿಣ ಉಜ್ಜಿದವಳ ಭುಜ ನಿಮ್ಮ ಪುಸ್ತಕದಲ್ಲಿ ಇರುವುದಿಲ್ಲ ಯಜಮಾನರೇ.

ಕೋಟು ಹೊಲಿದವರು ಯಾರು ಎಂದು ಮೇಸ್ತ್ರಿ ಕೇಳಿದ. ನಿಮ್ಮ ಮಗಳು, ನಾನೇ ಹೊಲಿದುಕೊಂಡೆ ಅಂದಳು. 'ನೋಡಿ, ಕೋಟು ಹೊಲಿಯೋಕೂ ಬರಲ್ಲ, ಪೈಪು ಬೆಸೀತಾಳಂತೆ' ಅಂತ ಅದನ್ನು ಕ್ಯಾಂಟೀನಿನ ಮೊಳೆಗೆ ನೇತುಹಾಕಿದ. ಪರೀಕ್ಷೆಯ ಪಟ್ಟಿಯಿಂದ ಹೆಸರನ್ನೂ ಹೊಡೆದು ಹಾಕಿದ. ಅವಳು ಹೋಗಿ ಮತ್ತೆ ಉಜ್ಜುವುದಕ್ಕೆ ಕೂತಳು.

ನನಗೆ ಅಷ್ಟು ಒಳ್ಳೆಯ ಸ್ವಭಾವ ಇಲ್ಲ. ಮರುದಿನ ಬೆಳಿಗ್ಗೆ ಏಣಿ ಹತ್ತಿ, ಕೊಕ್ಕೆಯನ್ನು ತುತ್ತತುದಿಗೆ ಎತ್ತಿ, ಕೈ ಕಟ್ಟಿ ಕೂತೆ. ಕೆಳಗೆ ನೂರಾ ನಲವತ್ತು ಜನ ಮೇಲೆ ನೋಡುತ್ತ ನಿಂತರು. ಹತ್ತು ಗಂಟೆಗೆ ಮೇಸ್ತ್ರಿ, ಹನ್ನೊಂದಕ್ಕೆ ಮ್ಯಾನೇಜರು. 'ಇಳಿಯಮ್ಮಾ, ಕೂತು ಮಾತಾಡೋಣ' ಅಂದರು. 'ಕೂತೇ ಇದ್ದೀನಿ ಸಾರ್, ಪಟ್ಟಿ ತೋರಿಸಿ' ಅಂದೆ. ಕೊನೆಗೆ ಒಂದು ಗಂಟೆಗೆ ಅವಳ ಹೆಸರು ಮತ್ತೆ ಬರೆದ ಹಾಳೆಯನ್ನು ಕೊಕ್ಕೆಗೆ ಕಟ್ಟಿದರು. ಇಪ್ಪತ್ತು ಟನ್ನಿನ ಕೊಕ್ಕೆಯಲ್ಲಿ ಒಂದು ಹಾಳೆ ಎತ್ತಿಕೊಂಡು ಓದಿದೆ. ನನ್ನ ಹದಿನಾಲ್ಕು ವರ್ಷದ ಕೆಲಸದಲ್ಲಿ ಅಷ್ಟು ಭಾರದ್ದು ಎತ್ತಿಲ್ಲ.

ಮ್ಯಾನೇಜರದು ಒಂದೇ ಷರತ್ತು. ಸರಿಯಾದ ಕೋಟಿರಬೇಕು, ಸುರಕ್ಷತೆಯ ಅಧಿಕಾರಿ ನೋಡಿ ಒಪ್ಪಬೇಕು. ಕಟ್ಟೆಯ ಕೋಟಿನಲ್ಲಿ ಅವಳ ಕೈ ಆಡುವುದಿಲ್ಲ. ಇನ್ನು ನೀವುಂಟು, ನಿಮ್ಮ ಟೇಪು ಉಂಟು. ನನ್ನ ಅಳತೆ ಬೇಡವಾದರೆ ನೀವೇ ಬಂದು ಅಳೆಯಿರಿ.

ನಾನು ಬರೆದದ್ದನ್ನು ಅವಳಿಗೆ ಹೇಳುತ್ತೇನೆ. ನನಗೆ ಗುಟ್ಟು ಇಟ್ಟುಕೊಳ್ಳಲು ಬರುವುದಿಲ್ಲ, ಎಲ್ಲರ ತಲೆ ಮೇಲೆ ಕೂರುವವಳು.

ಮೇಲಿನಕ್ಕ

*

ಏಪ್ರಿಲ್ 6

ಚೂಟಿ,

ನಿನ್ನ ಮೇಲಿನಕ್ಕನ ಕಾಗದ ಬಂತು. ಓದಿದಮೇಲೆ ಎರಡು ದಿನ ಅಂಗಡಿ ತೆಗೆಯಲಿಲ್ಲ. ಮೂರನೆಯ ದಿನ ತೆಗೆದೆ, ಯಾಕೆಂದರೆ ಮುಚ್ಚಿಟ್ಟರೆ ಕೋಟು ಹೊಲಿಯುವವರು ಯಾರು.

ಮುಕ್ಕಾಲು ಇಂಚು. ನಲವತ್ತೊಂದು ವರ್ಷದ ಕೆಲಸದಲ್ಲಿ ಗಿರಾಕಿ ಹೇಳಿದ್ದನ್ನು ನಂಬದೆ ಬಟ್ಟೆ ಕತ್ತರಿಸಿದ್ದು ಇದೊಂದೇ ಸಲ, ಅದೂ ನಿನಗೆ. ನೀನು ಆ ತಪ್ಪನ್ನು ನಿನ್ನ ಹೆಸರಿಗೆ ಹಾಕಿಕೊಂಡೆಯಂತೆ. ಯಾಕೆ ಎಂದು ಕೇಳುವುದಿಲ್ಲ. ಅದನ್ನು ಎಲ್ಲಿಂದ ಕಲಿತೆ ಎನ್ನುವುದು ಮಾತ್ರ ನನಗೆ ಗೊತ್ತು, ಅದನ್ನೇ ಬರೆಯಬೇಕೆಂದು ಕೂತಿದ್ದೇನೆ. ಮೂರು ಹಾಳೆ ಹರಿದಾಯಿತು.

ನಮ್ಮ ಅಂಗಡಿಯ ಸೂಟಿಗೆ ಹೆಸರು ಬಂದದ್ದು ಕಾಲರಿನಿಂದ. 'ಯಜಮಾನರೇ, ಇಂಥ ಕಾಲರು ಬೇರೆ ಯಾರ ಕೈಲೂ ಆಗಲ್ಲ' ಎಂದು ಹೇಳದ ಗಿರಾಕಿ ಇಲ್ಲ. ನಾನು ಟೇಪನ್ನು ಕತ್ತಿಗೆ ಹಾಕಿಕೊಂಡು ಮುಗುಳ್ನಗುತ್ತಿದ್ದೆ. ಒಂದೇ ಒಂದು ಕಾಲರನ್ನೂ ನಾನು ಹೊಲಿದಿಲ್ಲ, ಚೂಟಿ. ನನ್ನ ಕೈಗೆ ಅದು ಹತ್ತಲೇ ಇಲ್ಲ. ಪರದೆಯ ಹಿಂದೆ ಆ ಮಣೆಯ ಮೇಲೆ ಕೂತು ಇಪ್ಪತ್ತಾರು ವರ್ಷ ನಿಮ್ಮಮ್ಮ ಹೊಲಿದಳು. ಅಂಚೆಯವನ ಕೋಟಿನ ನಮೂನೆ ಕತ್ತರಿಸಿದವಳೂ ಅವಳೇ. 'ಮಾಡಿಕೊಟ್ಟಿದ್ದೆವು' ಎಂದು ಕೋಟಿನ ಜೊತೆಗಿನ ಕಾಗದದಲ್ಲಿ ಬರೆದೆನಲ್ಲ, ಆ ಬಹುವಚನ ಸುಳ್ಳು. ಗಿರಾಕಿ ಹೊಗಳುವಾಗ ಪರದೆಯ ಹಿಂದೆ ಸೂಜಿ ಒಂದು ಗಳಿಗೆ ನಿಲ್ಲುತ್ತಿತ್ತು. ಮತ್ತೆ ಶುರುವಾಗುತ್ತಿತ್ತು. ಅವಳು ಯಾವತ್ತೂ ಒಂದು ಮಾತು ಆಡಲಿಲ್ಲ. ನಾನೂ ಆಡಲಿಲ್ಲ. ನೀನು ಆ ಪರದೆಯ ಹಿಂದೆ ಅವಳ ಪಕ್ಕ ಕೂತು ಮಗ್ಗಿ ಬರೆಯುತ್ತಿದ್ದೆ. ಎಲ್ಲವೂ ನಿನಗೆ ಕೇಳಿಸುತ್ತಿತ್ತು.

ಹೊಸ ಕೋಟು ಆಗಿದೆ, ಇದರ ಜೊತೆಗೇ ಬರುತ್ತದೆ. ಭುಜ ಹದಿನಾರೂಕಾಲು, ಕೈ ಎತ್ತಿದಾಗ ಬಿಚ್ಚಿಕೊಳ್ಳುವ ಹಾಗೆ ಬೆನ್ನಿನಲ್ಲಿ ಎರಡು ಮಡಿಕೆ. ಮಡಿಕೆ ಬಿಚ್ಚಿದರೂ ಸಂದಿ ಕಾಣದು, ಒಳಗೆ ಇನ್ನೊಂದು ಪದರವಿದೆ. ಗೇಟು ಮಾಡುವವನ ಅಂಗಡಿಯ ಮುಂದೆ ಅದನ್ನು ಕೋಲಿಗೆ ಸಿಕ್ಕಿಸಿ ಹಿಡಿದು, 'ಇದರ ಮೇಲೆ ಕಿಡಿ ಹಾರಿಸಪ್ಪ' ಅಂದೆ. 'ಯಾರ ಮೇಲೆ ಕೋಪ ಸ್ವಾಮಿ' ಎಂದು ಕೇಳಿದ. ಹೇಳಿದೆ. ನಗುವುದನ್ನು ಬಿಟ್ಟು ಅರ್ಧ ಗಂಟೆ ಎಲ್ಲ ಕಡೆಯಿಂದ ಕಿಡಿ ಹಾರಿಸಿದ. ಒಂದೂ ಒಳಗೆ ಹೋಗಲಿಲ್ಲ.

ಒಳಗಿನ ಅಸ್ತರಿನ ಮೇಲೆ ಅಳಿಸದ ಪೆನ್ಸಿಲ್ಲಿನಿಂದ ಎರಡು ಸಾಲು ಬರೆದಿದ್ದೇನೆ. ಹೊಲಿಗೆ, ಅಪ್ಪ. ಕಾಲರು, ಅಮ್ಮ. ಅಧಿಕಾರಿಗೆ ತೋರಿಸುವಾಗ ನಾಚಿಕೊಳ್ಳಬೇಡ.

ಅಂಗಡಿಯ ಬೋರ್ಡಿನಲ್ಲಿ ನಿಮ್ಮ ತಾತನ ಕಾಲದಿಂದ 'ಅಂಡ್ ಸನ್ಸ್' ಎಂದಿದೆಯಲ್ಲ, ಗೇಟಿನವನು ಅದನ್ನು 'ಅಂಡ್ ಡಾಟರ್' ಮಾಡಿಕೊಡುತ್ತೇನೆ ಅಂದ. ಬೇಡ ಅಂದೆ. 'ಮಗಳಿಗೆ ಅವಳದೇ ಕಸುಬಿದೆ, ನನ್ನ ಬೋರ್ಡಿನಲ್ಲಿ ಯಾಕೆ ಕೂರ್ತಾಳೆ' ಎಂದು ಹೇಳಿದೆ.

ಪರೀಕ್ಷೆಯನ್ನು ಹೊರಗಿನವರು ನೋಡಬಹುದೇ? ಬೇಡವೆಂದರೆ ಬರುವುದಿಲ್ಲ.

ಅಪ್ಪ

*

ಏಪ್ರಿಲ್ 19

ಅಪ್ಪ,

ಬಾ. ಗೇಟಿನಲ್ಲಿ ನಿನ್ನ ಹೆಸರು ಬರೆಸಿದ್ದೇನೆ. ಗಟ್ಟಿ ಬೂಟು ಹಾಕಿಕೊಂಡು ಬಾ, ಚಪ್ಪಲಿಯಲ್ಲಿ ಬಿಡುವುದಿಲ್ಲ.

ಅಧಿಕಾರಿ ಕೋಟನ್ನು ತಿರುವಿ ತಿರುವಿ ನೋಡಿ ಮುದ್ರೆ ಒತ್ತಿದರು. ಒಳಗೆ ಬರೆದದ್ದನ್ನೂ ಓದಿದರು.

ಅಮ್ಮನ ಬರಿ ಸೂಜಿಯ ವಿಷಯ ಬರೆದಿದ್ದೆಯಲ್ಲ. ನಾನೂ ಬೆಸುಗೆಯ ರಾಡಿಗೆ ಕರೆಂಟು ಕೊಡದೆ ಪೈಪಿನ ಸುತ್ತ ಮೂರು ಸಲ ಕೈ ಆಡಿಸಿ ನೋಡಿದೆ. ಮೊಣಕೈ ಪೈಪು ಬಿಗಿದ ಕಂಬಕ್ಕೆ ತಾಗುತ್ತಿತ್ತು. ಈಗ ಮಲಗುವ ರೀತಿ ಬದಲಾಯಿಸಿದ್ದೇನೆ. ಮೆಟ್ಟಿಲು ಬೀಳುತ್ತಿಲ್ಲ.

ಗಾಯ ಒಣಗಿದೆ.

ಚೂಟಿ

*

ಮೇ 2

ಚೂಟಿ,

ಪರೀಕ್ಷೆಯ ದಿನ ಇದ್ದದ್ದು ನಿನ್ನ ಜೊತೆಗೇ, ಆದರೂ ಕಾಗದ ಬರೆಯುತ್ತಿದ್ದೇನೆ. ಅವತ್ತು ಗದ್ದಲದಲ್ಲಿ ನನಗೆ ಏನೂ ಕೇಳಿಸಲಿಲ್ಲ, ಬಾಯಿಂದ ಏನೂ ಬರಲೂ ಇಲ್ಲ. ನಾನು 'ಹೂಂ, ಹೂಂ' ಎನ್ನುತ್ತಿದ್ದದ್ದನ್ನು ನೋಡಿ ನೀನು ಏನೆಂದುಕೊಂಡೆಯೋ.

ಹಡಗೆಂದರೆ ನೀರಿನ ಮೇಲೆ ತೇಲುವ ವಸ್ತು ಎಂದುಕೊಂಡಿದ್ದೆ. ಗೇಟು ದಾಟಿ ತಿರುಗಿದರೆ ಆಕಾಶ ಇರಬೇಕಾದ ಜಾಗದಲ್ಲಿ ಕಬ್ಬಿಣ ಇತ್ತು. ನಮ್ಮ ಬೀದಿಯ ಎಲ್ಲ ಮನೆಗಳನ್ನು ಒಂದರ ಮೇಲೊಂದು ಪೇರಿಸಿದರೂ ಅದರ ಸೊಂಟಕ್ಕೆ ಬರುವುದಿಲ್ಲ. ಹತ್ತಿರ ಹೋಗಿ ನೋಡಿದೆ. ಹಾಳೆಗೆ ಹಾಳೆ, ಅಂಚಿಗೆ ಅಂಚು, ಉದ್ದಕ್ಕೂ ಸೇರಿಸಿದ ಗೆರೆಗಳು. ದರ್ಜಿಗೆ ಬೇರೇನು ಕಾಣುತ್ತದೆ? ಇಷ್ಟು ದೊಡ್ಡದನ್ನೂ ಯಾರೋ ತುಂಡು ತುಂಡಾಗಿ ಕತ್ತರಿಸಿ, ಕೂತು, ಕೈಯಲ್ಲಿ ಸೇರಿಸಿದ್ದಾರೆ. ಒಂದು ಕಡೆ ಹೊಲಿಗೆ ಬಿಟ್ಟರೆ ಸಮುದ್ರವೇ ಒಳಗೆ ಬರುತ್ತದೆ. ನನ್ನ ಹೊಲಿಗೆ ಬಿಟ್ಟರೆ ಬರುವುದು ಗಿರಾಕಿಯ ಬೈಗುಳ.

ಆಗ ತಲೆಯ ಮೇಲೆ ಏನೋ ಸರಿದಂತಾಯಿತು. ನೋಡಿದರೆ ಆ ಕೊಕ್ಕೆ, ಅಂಗಡಿಯ ಬಾಗಿಲಿನಷ್ಟು ದೊಡ್ಡದು, ಸದ್ದಿಲ್ಲದೆ ನನ್ನ ಮುಂದೆ ಎದೆಯ ಎತ್ತರಕ್ಕೆ ಇಳಿದು ನಿಂತು, ಎರಡು ಸಲ ತಲೆಯಾಡಿಸಿ ಮೇಲೆ ಹೋಯಿತು. ನಾನೂ ಕೈ ಮುಗಿದೆ. ಎಷ್ಟೋ ಎತ್ತರದಲ್ಲಿ ಒಂದು ಗಾಜಿನ ಡಬ್ಬಿ, ಅದರೊಳಗೆ ಒಂದು ಕೈ ಬೀಸುತ್ತಿತ್ತು. ಟೇಪು ಹಿಡಿಯಲು ಬರುವುದಿಲ್ಲ ಎಂದು ನಾನು ಬರೆದದ್ದು ಈ ಹೆಂಗಸಿನ ಬಗ್ಗೆ.

ಪರೀಕ್ಷೆಯ ಜಾಗದಲ್ಲಿ ನನಗೂ ಒಂದು ಕಪ್ಪು ಗಾಜಿನ ಮುಖವಾಡ ಕೊಟ್ಟರು. ನೀನು ಮಲಗಿ, ರಾಡು ಹಿಡಿದು, ಬೆಂಕಿ ಹೊತ್ತಿಸದೆ ಪೈಪಿನ ಸುತ್ತ ಕೈ ಆಡಿಸಿದೆ. ಒಂದು ಸಲ. ಎರಡು ಸಲ. ಮೇಸ್ತ್ರಿ ನನ್ನ ಎಡಗಿವಿಯ ಪಕ್ಕವೇ ನಿಂತಿದ್ದ, ಆದ್ದರಿಂದ ಕೇಳಿಸಿತು. 'ಏನಮ್ಮಾ, ಗಾಳಿಗೆ ಬೆಸುಗೆ ಹಾಕ್ತಿದ್ದೀಯಾ?' ಅಂದ. ಆ ಮಾತು ನನ್ನದು. ಪದ ಕೂಡ ಹೆಚ್ಚು ಬೇರೆಯಲ್ಲ. ಬೇರೆಯವನ ಬಾಯಿಂದ ಕೇಳಿದಾಗ ಅದು ಹೇಗಿರುತ್ತದೆ ಎಂದು ಅವತ್ತು ತಿಳಿಯಿತು. ನೀನು ತಿರುಗಿಯೂ ನೋಡಲಿಲ್ಲ, ಮೂರನೆಯ ಸಲವನ್ನೂ ಮುಗಿಸಿದೆ. ಆಮೇಲೆ ಮುಖವಾಡ ಇಳಿಸಿದೆ.

ನಾನೂ ಇಳಿಸಿದೆ. ಕತ್ತಲಾಯಿತು. ಹಡಗು ಹೋಯಿತು, ಮೇಸ್ತ್ರಿ ಹೋದ, ನಾನೂ ಹೋದೆ. ಆಮೇಲೆ ಆ ಕತ್ತಲಲ್ಲಿ ಒಂದು ಚುಕ್ಕಿ ಹುಟ್ಟಿತು.

ಕಬ್ಬಿಣ ಕರಗುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ. ಅದು ನೀರಿನ ಹಾಗೆ ನಡುಗುತ್ತದೆ, ಅಂಗಿಯ ಗುಂಡಿಯಷ್ಟು ಸಣ್ಣ ಕೊಳವಾಗಿ ನಿಲ್ಲುತ್ತದೆ, ತಲೆಕೆಳಗಾಗಿದ್ದರೂ ಬೀಳದೆ ನಿನ್ನ ಕೈಯನ್ನೇ ನೋಡಿಕೊಂಡು ಹಿಂದೆ ಹಿಂದೆ ಬರುತ್ತದೆ ಎಂದು ಯಾರೂ ಹೇಳಿರಲಿಲ್ಲ. ನೀನು ಸರಿದಷ್ಟೂ ಅದು ಸರಿಯುತ್ತಿತ್ತು, ಅದರ ಬೆನ್ನ ಹಿಂದೆ ಗಟ್ಟಿಯಾಗುತ್ತಿತ್ತು, ಒಂದರ ಮೇಲೊಂದು ಒತ್ತಿದ ಸಣ್ಣ ಸಣ್ಣ ಅಲೆಗಳಾಗಿ. ಕಾಲೇಜಿನಲ್ಲಿ ನಮ್ಮ ಮೇಷ್ಟರು ಒಂದು ಪದ ಕಲಿಸಿದ್ದರು. ಮನುಷ್ಯನಿಗಿಂತ ಬಹಳ ದೊಡ್ಡದು ಎದುರಿಗೆ ಬಂದಾಗ ಆಗುವುದಕ್ಕೆ. ಎಸ್ ಅಕ್ಷರದಿಂದ ಶುರುವಾಗುತ್ತದೆ. ಆ ಪದವನ್ನು ಅಲ್ಲೇ ಹುಡುಕಿದೆ, ಸಿಕ್ಕಲಿಲ್ಲ. ಮೇಷ್ಟರು ಉದಾಹರಣೆಗೆ ಪರ್ವತ ಹೇಳಿದ್ದರು, ಬಿರುಗಾಳಿ ಹೇಳಿದ್ದರು. ಗುಂಡಿಯಷ್ಟು ಅಗಲದ ಬೆಳಕನ್ನು ಹೇಳಿರಲಿಲ್ಲ.

ಕೆಳಗಿನಿಂದ ಪಕ್ಕಕ್ಕೆ ಏರುವ ಜಾಗ ಬಂತು. ಬೆಳಕು ಎಗರಲಿಲ್ಲ. ಸುಮ್ಮನೆ ಏರಿತು, ಬೀದಿಯ ತಿರುವಿನಲ್ಲಿ ಪರಿಚಯದವರು ತಿರುಗುವ ಹಾಗೆ. ಕೋಟಿನ ಬೆನ್ನಿನ ಮಡಿಕೆಗಳು ಬಿಚ್ಚಿಕೊಂಡವು, ಮುಚ್ಚಿಕೊಂಡವು. ಕಿಡಿಗಳು ಕಾಲರಿನವರೆಗೂ ಬಂದು, ದಾರಿ ಕಾಣದೆ ಕೆಳಗೆ ಬಿದ್ದವು.

ನೀನು ಒಂದು ಸುತ್ತು ಮುಗಿಸಿ, ಬೆಸುಗೆಯ ಮೇಲೆ ಕಟ್ಟಿದ ಕಿಟ್ಟ ಕುಟ್ಟಿ ತೆಗೆದು, ಮತ್ತೊಂದು ಸುತ್ತು. ಮೂರು ಗಂಟೆ. ಆಮೇಲೆ ಅವರು ಆ ಬೆಸುಗೆಯಿಂದ ನಾಲ್ಕು ಪಟ್ಟಿ ಕತ್ತರಿಸಿ ಯಂತ್ರದಲ್ಲಿಟ್ಟು ಒಂದೊಂದಾಗಿ ಬಗ್ಗಿಸಿದರು, ಬಿರುಕು ಕಂಡರೆ ಎಲ್ಲ ಮುಗಿಯಿತು ಎಂದು ನೀನು ಮೊದಲೇ ಹೇಳಿದ್ದೆ. ಮೊದಲನೆಯದು ಬಗ್ಗಿತು. ಎರಡನೆಯದು ಬಗ್ಗಿತು. ಮೂರನೆಯದಕ್ಕೆ ನಾನು ಹಡಗಿನ ಕಡೆ ನೋಡಿದೆ. ನಾಲ್ಕನೆಯದು ಆ ತಿರುವಿನ ಜಾಗದ್ದು. ಪರೀಕ್ಷಕರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಮೇಸ್ತ್ರಿಗೆ ಕೊಟ್ಟರು. ಅವನೂ ನೋಡಿದ, ಉಗುರಿನಿಂದ ಕೆರೆದ, ಮತ್ತೆ ನೋಡಿದ. ಆಮೇಲೆ ಅದನ್ನು ನನ್ನ ಕೈಗೆ ಇಟ್ಟ. ಇನ್ನೂ ಬಿಸಿಯಿತ್ತು. ನೀನು ಅಷ್ಟು ಹೊತ್ತಿಗೆ ನೀರು ಕುಡಿಯುತ್ತಿದ್ದೆ, ಇಡೀ ಬಾಟಲಿ, ಎಲ್ಲರ ಎದುರಿಗೆ.

ನೀನು ಪಾಸಾದವರ ಪಟ್ಟಿಗೆ ಸಹಿ ಹಾಕಲು ಹೋದಾಗ ನಡೆದದ್ದು ನಿನಗೆ ಗೊತ್ತಿಲ್ಲ. ಮೇಸ್ತ್ರಿ ನನ್ನ ಹತ್ತಿರ ಬಂದು ಕತ್ತಿನ ಗುಂಡಿ ಬಿಚ್ಚಿ ತೋರಿಸಿದ. ಕಾಲರಿನ ಒಳಗೆ ಕತ್ತಿನ ಸುತ್ತ ಸುಟ್ಟ ಕಲೆ, ಹೊಸದು, ಹಳೆಯದು, ಮೂವತ್ತು ವರ್ಷದ್ದು. 'ಯಜಮಾನರೇ, ಆ ಕಾಲರು... ನನಗೂ ಒಂದು ಆಗತ್ತಾ?' ಅಂದ. ಎಡಗಿವಿಗೇ ಹೇಳಿದ, ಬೇರೆ ಯಾರಿಗೂ ಕೇಳದ ಹಾಗೆ.

'ಅದು ನನ್ನದಲ್ಲ. ನನ್ನ ಹೆಂಡತಿಯದು' ಅಂದೆ.

ಚೂಟಿ, ಗಿರಾಕಿಯೊಬ್ಬನಿಗೆ ಆ ಮಾತು ಹೇಳಲು ನನಗೆ ಇಷ್ಟು ಕಾಲ ಬೇಕಾಯಿತು.

'ಅಮ್ಮನವರನ್ನೇ ಕೇಳಿ ಹಾಗಾದ್ರೆ' ಅಂದ.

'ಅವಳಿಲ್ಲ. ನಮೂನೆ ಈಗ ಮಗಳದು. ಅವಳು ಹೂಂ ಅಂದ್ರೆ ಹೊಲಿದು ಕೊಡ್ತೀನಿ' ಅಂದೆ.

ಆದ್ದರಿಂದ ಕೇಳುತ್ತಿದ್ದೇನೆ, ಹೊಲಿಯಲೇ? ಕ್ಯಾಂಟೀನಿನ ಮೊಳೆಯಿಂದ ಆ ಹಳೆಯ ಕೋಟನ್ನು ಮೇಸ್ತ್ರಿಯೇ ಇಳಿಸಿ ಕೊಟ್ಟ, ನಾನೇನೂ ಕೇಳಿರಲಿಲ್ಲ. ನೀನು ಬೇಡವೆಂದರೂ ಸರಿ, ಹಾಗೆಯೇ ತಿಳಿಸುತ್ತೇನೆ.

ಆ ಪಟ್ಟಿ ಈಗ ನನ್ನ ಕತ್ತರಿಸುವ ಮೇಜಿನ ಮೇಲಿದೆ, ಬಟ್ಟೆಯ ಮೇಲೆ ಭಾರಕ್ಕೆ ಇಡುತ್ತೇನೆ. ಬಂದವರು ಎತ್ತಿ ನೋಡುತ್ತಾರೆ. ಎರಡು ತುಂಡು ಎಲ್ಲಿ ಸೇರಿವೆ ಹೇಳಿ ನೋಡೋಣ ಅನ್ನುತ್ತೇನೆ. ಈವರೆಗೆ ಯಾರಿಗೂ ಸಿಕ್ಕಿಲ್ಲ. ನನಗೂ ಸಿಕ್ಕಿಲ್ಲ.

ಇನ್ನೊಂದು. ನೀನು ಊರು ಬಿಟ್ಟ ದಿನ ಯಾವ ಸೂಟೂ ಇರಲಿಲ್ಲ. ಶಟರು ಅರ್ಧ ಎಳೆದುಕೊಂಡು ಅದರ ಕೆಳಗಿನಿಂದ ನೋಡುತ್ತಾ ನಿಂತಿದ್ದೆ. ನೀನು ಚೀಲ ಹೆಗಲಿಗೇರಿಸಿ ರಸ್ತೆಯ ಆಚೆ ನಡೆದು ಹೋದೆ. ಬೇರೇನು ಮಾಡಲೂ ತೋಚದೆ ಬೆನ್ನಿನಿಂದ ಅಳತೆ ತೆಗೆದು ಪುಸ್ತಕದಲ್ಲಿ ಬರೆದುಕೊಂಡೆ. ಭುಜ, ಹದಿನೈದೂವರೆ. ಅವತ್ತಿಗೆ ಅದು ಸರಿಯಾಗಿಯೇ ಇತ್ತು.

ಇವತ್ತು ಬೆಳಿಗ್ಗೆ ಪುಸ್ತಕ ತೆಗೆದು ಅದನ್ನು ಹೊಡೆದು ಹಾಕಿ, ಪಕ್ಕದಲ್ಲಿ ಹದಿನಾರೂಕಾಲು ಎಂದು ಬರೆದೆ. ಅದರ ಮುಂದೆ ಜಾಗ ಬಿಟ್ಟಿದ್ದೇನೆ.

ಟೇಪು ಕತ್ತಿನಲ್ಲೇ ಇರುವ,
ಅಪ್ಪ